ಕಾರ್ಡ್‌ಲೆಸ್ ಫೋನ್: ನಂಬಿಕೆ ಏನು, ನಿಜ ಏನು

ಕಾರ್ಡ್‌ಲೆಸ್ ಫೋನಿಗೆ ಎರಡು ಭಾಗಗಳು. ಗೋಡೆಯ ಟೆಲಿಫೋನ್ ಲೈನಿಗೂ ಕರೆಂಟಿನ ಪ್ಲಗ್ಗಿಗೂ ಅಂಟಿಕೊಂಡು ಒಂದೇ ಕಡೆ ಕೂತಿರುವ ಬೇಸ್ ಒಂದು. ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಬಹುದಾದ ಹ್ಯಾಂಡ್‌ಸೆಟ್ ಇನ್ನೊಂದು. ಎಕ್ಸ್‌ಚೇಂಜಿನಿಂದ ಬೇಸಿನವರೆಗೆ ಮಾತು ಬರುವುದು ತಂತಿಯಲ್ಲಿಯೇ. ಅಲ್ಲಿಂದ ಕಿವಿಯವರೆಗಿನ ಕೆಲವು ಮೀಟರು ಮಾತ್ರ ರೇಡಿಯೊ ಅಲೆಯ ಕೆಲಸ. ಜನರ ಗಮನವೆಲ್ಲ ಹ್ಯಾಂಡ್‌ಸೆಟ್ಟಿನ ಮೇಲೆ ಇರುತ್ತದೆ, ಬೇಸ್ ಮರೆತುಹೋಗುತ್ತದೆ. ಈ ಫೋನಿನ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಬಹುಪಾಲು ಹುಟ್ಟುವುದು ಆ ಮರೆವಿನಿಂದ.

ಆದರೆ ಮೊದಲ ತಪ್ಪು ಫೋನ್ ಮನೆಗೆ ಬರುವ ಮುಂಚೆಯೇ ಆಗಿರುತ್ತದೆ. ಅಮೆರಿಕದಿಂದ ತಂದ ಸೆಟ್ ಇಲ್ಲಿಯದಕ್ಕಿಂತ ಉತ್ತಮ ಎಂಬ ನಂಬಿಕೆ, ಮಕ್ಕಳು ಅಲ್ಲಿ ನೆಲೆಸಿರುವ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಸಾಮಾನ್ಯ. ಅಂಥ ಪೆಟ್ಟಿಗೆಯ ಮೇಲೆ ‘ಡೆಕ್ಟ್ 6.0’ ಎಂದು ಅಚ್ಚಾಗಿರುತ್ತದೆ. ಅದನ್ನು 6 ಗಿಗಾಹರ್ಟ್ಸ್ ಎಂದೋ ಆರನೆಯ ತಲೆಮಾರಿನ ತಂತ್ರಜ್ಞಾನ ಎಂದೋ ಓದಿಕೊಳ್ಳುವವರಿದ್ದಾರೆ. ಅದು ಎರಡೂ ಅಲ್ಲ, ಮಾರಾಟಕ್ಕಾಗಿ ಇಟ್ಟ ಹೆಸರು. ಡೆಕ್ಟ್ ಎಂಬುದು 1990ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ರೂಪುಗೊಂಡ ಡಿಜಿಟಲ್ ಮಾನದಂಡ. ಯುರೋಪಿನಲ್ಲಿ ಅದು 1880ರಿಂದ 1900 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡಿದರೆ, ಅಮೆರಿಕದ ‘6.0’ ಸೆಟ್‌ಗಳು 1920ರಿಂದ 1930ರ ನಡುವೆ ಕೆಲಸ ಮಾಡುತ್ತವೆ. ಭಾರತದಲ್ಲಿ 1920ರಿಂದ 1980ರವರೆಗಿನ ತರಂಗಗಳು ಮೊಬೈಲ್ ಜಾಲದ 2100 ಬ್ಯಾಂಡಿಗೆ ಸೇರಿವೆ; ಮೊಬೈಲಿನಿಂದ ಟವರಿಗೆ ಹೋಗುವ ಸಂಕೇತ ಆ ದಾರಿಯಲ್ಲಿ ಸಾಗುತ್ತದೆ. ಅಮೆರಿಕದ ಸೆಟ್ ಇಲ್ಲಿ ಚಾಲೂ ಆದರೆ ಸುತ್ತಲಿನವರ ಮೊಬೈಲ್ ಸಂಪರ್ಕಕ್ಕೆ ಅಡ್ಡಿಯಾಗಬಹುದು. ಜೊತೆಗೆ ಅದರ ಅಡಾಪ್ಟರ್ ಬಹಳಷ್ಟು ಸಲ 120 ವೋಲ್ಟಿಗೆ ಮಾತ್ರ ಮಾಡಿದ್ದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಇಲ್ಲಿಯೇ ಮಾರುವ, ಇಲ್ಲಿಯ ತರಂಗಕ್ಕೆ ಹೊಂದುವ ಸೆಟ್ಟನ್ನೇ ಕೊಳ್ಳುವುದು ಸರಿ.

ಬೇಸನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಕೊಡುವುದು ಲೈನ್‌ಮನ್ ಎಂದೋ ಕೂರಿಸಿಹೋದ ಸಾಕೆಟ್. ಅದು ಮೂಲೆಯಲ್ಲಿದ್ದರೆ ಫೋನೂ ಮೂಲೆಗೆ, ಟಿವಿಯ ಹಿಂದಿದ್ದರೆ ಫೋನೂ ಟಿವಿಯ ಹಿಂದಕ್ಕೆ. ಪೆಟ್ಟಿಗೆಯ ಮೇಲೆ 300 ಮೀಟರ್ ಎಂದು ಬರೆದಿರುವುದರಿಂದ ಬೇಸ್ ಎಲ್ಲಿದ್ದರೇನು ಎಂಬ ಧೈರ್ಯ ಬೇರೆ. ಆ 300 ಮೀಟರ್ ತಡೆಯೇ ಇಲ್ಲದ ಬಯಲಿನ ಲೆಕ್ಕ. ಮನೆಯೊಳಗೆ ಅದು 50 ಮೀಟರಿನ ಆಸುಪಾಸಿಗೆ ಇಳಿಯುತ್ತದೆ, ಕೆಲವು ಮನೆಗಳಲ್ಲಿ ಇನ್ನೂ ಕಡಿಮೆ. ಕಂಬಿ ತುಂಬಿದ ಕಾಂಕ್ರೀಟ್ ತಾರಸಿ, ಕರಾವಳಿಯ ದಪ್ಪ ಜಂಬಿಟ್ಟಿಗೆ ಗೋಡೆ, ಉಕ್ಕಿನ ಬೀರು, ದೊಡ್ಡ ಕನ್ನಡಿ, ಫ್ರಿಜ್ಜು ಎಲ್ಲವೂ ಅಲೆಯನ್ನು ತಡೆಯುತ್ತವೆ ಇಲ್ಲವೇ ಹೀರುತ್ತವೆ. ತೋಟದ ತುದಿಯವರೆಗೆ ಫೋನ್ ಹಿಡಿದು ಹೋಗಬಹುದೆಂದುಕೊಂಡ ಮಲೆನಾಡಿನ ಮನೆಯವರಿಗೆ ಮಳೆಗಾಲದಲ್ಲಿ ನಿರಾಶೆಯಾಗುವುದಕ್ಕೂ ಕಾರಣ ಇದೇ: ನೆನೆದ ಎಲೆಗಳ ದಟ್ಟಣೆಯನ್ನು ದಾಟುವಷ್ಟರಲ್ಲಿ ಅಲೆ ಸೊರಗಿರುತ್ತದೆ. ದೂರವನ್ನು ನಿರ್ಧರಿಸುವುದು ಆಂಟೆನಾ ಮತ್ತು ಎದುರಿಗಿರುವ ತಡೆ. ಮದ್ರಾಸಿನ ಐಐಟಿಯ ಟೆನೆಟ್ ತಂಡ 1990ರ ದಶಕದಲ್ಲಿ ಇದೇ ಡೆಕ್ಟ್ ಮಾನದಂಡದ ಮೇಲೆ ‘ಕಾರ್‌ಡೆಕ್ಟ್’ ಎಂಬ ವ್ಯವಸ್ಥೆ ಕಟ್ಟಿತು. ಗೋಪುರ ಮತ್ತು ಮನೆಯ ಆಂಟೆನಾ ಒಂದಕ್ಕೊಂದು ನೇರ ಕಾಣುವಂತಿದ್ದರೆ ಅದು 10 ಕಿಲೋಮೀಟರ್ ದೂರಕ್ಕೂ ಮಾತು ಮುಟ್ಟಿಸುತ್ತಿತ್ತು. ತಂತಿ ಎಳೆಯುವುದು ದುಬಾರಿಯಾದ ಹಳ್ಳಿಗಳಿಗೆ ಫೋನ್ ತಲುಪಿಸಿದ ಹೆಮ್ಮೆಯ ಕೆಲಸ ಅದು. ಮನೆಯ ಸೆಟ್ಟಿಗೆ ಅಂಥ ಆಂಟೆನಾ ಇಲ್ಲ. ಹಾಗಾಗಿ ಬೇಸನ್ನು ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಲೋಹದ ವಸ್ತುಗಳಿಂದ ದೂರ ಇಡಬೇಕು. ಅದಕ್ಕಾಗಿ ಟೆಲಿಫೋನ್ ವೈರನ್ನು ಕೆಲವು ಮೀಟರ್ ಉದ್ದ ಮಾಡಿಕೊಂಡರೂ ನಷ್ಟವಿಲ್ಲ.

ಕಾರ್ಡ್‌ಲೆಸ್ ಫೋನ್ ವೈಫೈಯನ್ನು ಹಾಳುಮಾಡುತ್ತದೆ ಎಂಬ ಮಾತು ಅರ್ಧ ನಿಜ. ಇಲ್ಲಿಯ ಅಂಗಡಿಗಳಲ್ಲಿ 2.4 ಗಿಗಾಹರ್ಟ್ಸ್ ಸೆಟ್‌ಗಳೂ ಮಾರಾಟವಾಗಿವೆ. ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ನುಗ್ಗಾಡುವುದರಿಂದ ಒಂದು ಇನ್ನೊಂದಕ್ಕೆ ತೊಡಕಾಗುತ್ತದೆ. 1.88–1.90 ಗಿಗಾಹರ್ಟ್ಸ್ ಎಂದು ಬರೆದಿರುವ ಸೆಟ್ಟಿಗೆ ಈ ತಕರಾರು ಇಲ್ಲ.

ಹೊಸ ಫೋನ್ ಕೂರಿಸಿದ ದಿನವೇ ‘ಇದು ಕೆಟ್ಟಿದೆ’ ಎಂದು ಅಂಗಡಿಗೆ ವಾಪಸ್ ಕೊಂಡೊಯ್ಯುವುದೂ ಉಂಟು. ದೋಷ ಸಾಮಾನ್ಯವಾಗಿ ಫೋನಿನದ್ದಲ್ಲ. 2021ರ ಜನವರಿ 15ರಿಂದ ದೇಶದಲ್ಲಿ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು 0 ಒತ್ತುವುದು ಕಡ್ಡಾಯ. ಹಳೆಯ ಪಟ್ಟಿಯಿಂದ ಸೊನ್ನೆಯಿಲ್ಲದೆ ಸೇರಿಸಿಟ್ಟ ಹತ್ತಂಕಿಯ ನಂಬರುಗಳು ಹೋಗುವುದಿಲ್ಲ. ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಕರೆ ಮಾಡಿ ‘ಒಂದನ್ನು ಒತ್ತಿ’ ಎಂದಾಗ ಒತ್ತಿದ್ದು ತಲುಪದಿದ್ದರೆ, ಡಯಲ್ ಮಾಡುವ ವಿಧಾನ ‘ಪಲ್ಸ್’ನಲ್ಲಿರುತ್ತದೆ, ಅದನ್ನು ‘ಟೋನ್’ಗೆ ಬದಲಿಸಿದರೆ ಸಾಕು. ತಾಮ್ರದ ಲೈನಿನಲ್ಲಿ ಬ್ರಾಡ್‌ಬ್ಯಾಂಡೂ ಇದ್ದು ಮಾತಿನೊಳಗೆ ಕರಕರ ಸದ್ದು ಕೇಳಿದರೆ, ಫೋನಿನ ಮುಂದೆ ಮಾತನ್ನೂ ಬ್ರಾಡ್‌ಬ್ಯಾಂಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಹಾಕಿಲ್ಲದಿರಬಹುದು. ಕರೆ ಮಾಡಿದವರ ನಂಬರು ಕಾಣದಿದ್ದರೆ ಆ ಸೇವೆ ಲೈನಿಗೆ ದೊರೆತಿದೆಯೇ ಎಂದು ಮೊದಲು ವಿಚಾರಿಸಬೇಕು. ನಂಬರನ್ನು ಕಳಿಸುವುದು ಎಕ್ಸ್‌ಚೇಂಜು, ಸೆಟ್ಟು ಅದನ್ನು ತೋರಿಸುತ್ತದೆ ಅಷ್ಟೆ.

ಬ್ಯಾಟರಿಯ ವಿಷಯದಲ್ಲಿ ಮೂರು ನಂಬಿಕೆಗಳು ಒಂದರ ಮೇಲೊಂದು ಬಿದ್ದಿವೆ. ಪೂರ್ತಿ ಖಾಲಿಯಾದ ಮೇಲೇ ಚಾರ್ಜಿಗೆ ಇಡಬೇಕು ಎಂಬುದು ಮೊದಲನೆಯದು. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಿಗೆ ಆ ಎಚ್ಚರಿಕೆ ಹೇಳುತ್ತಿದ್ದರು. ಈಗಿನ ಸೆಟ್‌ಗಳಲ್ಲಿ ಹೆಚ್ಚಾಗಿ ಇರುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳಿಗೆ ಅದು ಬೇಕಿಲ್ಲ. ಸದಾ ಬೇಸಿನ ಮೇಲಿಟ್ಟರೆ ಬ್ಯಾಟರಿ ಸಾಯುತ್ತದೆ ಎಂಬುದು ಎರಡನೆಯದು. ಹ್ಯಾಂಡ್‌ಸೆಟ್ಟಿನ ಜಾಗವೇ ಅದು. ಮಾತು ಮುಗಿದ ಮೇಲೆ ಅಲ್ಲಿಗೆ ಮರಳಲೆಂದೇ ಅದನ್ನು ರೂಪಿಸಲಾಗಿದೆ. ಸೋಫಾದ ಮೇಲೋ ಹಾಸಿಗೆಯ ಮೇಲೋ ಬಿಟ್ಟ ಹ್ಯಾಂಡ್‌ಸೆಟ್ ಬೇಕಾದ ಹೊತ್ತಿಗೆ ಖಾಲಿಯಾಗಿರುತ್ತದೆ. ಮೂರನೆಯ ನಂಬಿಕೆಯೇ ಅಪಾಯದ್ದು: ಗಾತ್ರ ಒಂದೇ ಇದ್ದರೆ ಯಾವ ಸೆಲ್ ಹಾಕಿದರೂ ಆಗುತ್ತದೆ. ಗಡಿಯಾರ, ರಿಮೋಟಿಗೆ ಹಾಕುವ ಸಾಧಾರಣ ಸೆಲ್ 1.5 ವೋಲ್ಟಿನದು, ಚಾರ್ಜ್ ಆಗುವಂಥದ್ದಲ್ಲ. ಹ್ಯಾಂಡ್‌ಸೆಟ್ಟಿನೊಳಗೆ ಅದಕ್ಕೆ ವಿದ್ಯುತ್ ತುಂಬಲು ಹೋದರೆ ಬಿಸಿಯಾಗಿ ಸೋರಬಹುದು, ಸಿಡಿಯಲೂಬಹುದು. ಸೆಟ್ಟಿನ ಪುಸ್ತಿಕೆಯಲ್ಲಿ ಹೇಳಿದ ಬಗೆಯ 1.2 ವೋಲ್ಟಿನ ಚಾರ್ಜ್ ಆಗುವ ಸೆಲ್‌ಗಳನ್ನೇ ಹಾಕಬೇಕು, ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಹೊಸ ಸೆಲ್ ಹಾಕಿದಾಗ ಪುಸ್ತಿಕೆ ಹೇಳುವಷ್ಟು ಗಂಟೆ, ಅಂದರೆ ಸುಮಾರು ಒಂದು ರಾತ್ರಿ, ಚಾರ್ಜಿಗೆ ಇಟ್ಟು ಆಮೇಲೆ ಬಳಸಬೇಕು. ಪಿನ್ನು ಹೊಂದಿತೆಂದು ಮನೆಯ ಬೇರಾವುದೋ ಅಡಾಪ್ಟರನ್ನು ಬೇಸಿಗೆ ಚುಚ್ಚುವುದೂ ಇದೇ ಜಾತಿಯ ತಪ್ಪು, ವೋಲ್ಟೇಜ್ ಬೇರೆಯಿರುತ್ತದೆ.

ಲ್ಯಾಂಡ್‌ಲೈನ್ ಇರುವ ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತದೆ ಎಂಬ ನಂಬಿಕೆಯಷ್ಟು ಕೇಡು ಮಾಡಬಲ್ಲದ್ದು ಬೇರೆ ಇಲ್ಲ. ಹಳೆಯ ತಂತಿಯ ಫೋನಿನ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಸುಮಾರು 48 ವೋಲ್ಟಿನ ವಿದ್ಯುತ್ ತಾಮ್ರದ ಲೈನಿನಲ್ಲೇ ಹರಿದು ಬಂದು ಫೋನನ್ನು ಜೀವಂತ ಇಡುತ್ತಿತ್ತು. ಕಾರ್ಡ್‌ಲೆಸ್ ಬೇಸಿಗೆ ಅದು ಸಾಲದು. ರೇಡಿಯೊ ನಡೆಸಲು ಗೋಡೆಯ ಕರೆಂಟ್ ಬೇಕು. ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದರ ಮಾತು ಕೇಳಬೇಕಾದ ಬೇಸ್ ಸತ್ತಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ, ಮೊಬೈಲ್ ಟವರೂ ಕೈಕೊಡುವ ಊರುಗಳಲ್ಲಿ ಇದು ಜೀವದ ಪ್ರಶ್ನೆ. ತಾಮ್ರದ ಲೈನ್ ಇನ್ನೂ ಇರುವ ಮನೆಯವರು ಅದೇ ಲೈನಿಗೆ ಒಂದು ಸಾದಾ ತಂತಿಯ ಫೋನನ್ನೂ ಸೇರಿಸಿಟ್ಟುಕೊಂಡರೆ 112ಕ್ಕೆ ಕರೆ ಮಾಡುವ ದಾರಿ ಉಳಿಯುತ್ತದೆ. ಫೈಬರ್ ಬಂದ ಮನೆಯಲ್ಲಿ ಈ ಉಪಾಯ ನಡೆಯದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಫೋನಿಗೆ ದನಿ ಕೊಡುವುದು ಮನೆಯೊಳಗಿನ ಮೋಡೆಮ್. ಮೋಡೆಮ್ ಆರಿದರೆ ತಂತಿಯ ಫೋನೂ ಮೂಕ. ಅಲ್ಲಿ ಮೋಡೆಮ್ ಮತ್ತು ಬೇಸ್ ಎರಡನ್ನೂ ಇನ್ವರ್ಟರಿನ ಪ್ಲಗ್ಗಿಗೋ ಚಿಕ್ಕ ಯುಪಿಎಸ್‌ಗೋ ಹಾಕಬೇಕು. ಎರಡರಲ್ಲಿ ಒಂದನ್ನು ಮಾತ್ರ ಹಾಕಿ ನಿಶ್ಚಿಂತರಾಗಿರುವವರೂ ಇದ್ದಾರೆ.

ಸಿಡಿಲಿನ ಬಗ್ಗೆ ಎರಡು ನಂಬಿಕೆಗಳಿವೆ, ಒಂದಕ್ಕೊಂದು ತದ್ವಿರುದ್ಧ. ಫೋನಿನ ರೇಡಿಯೊ ಅಲೆ ಸಿಡಿಲನ್ನು ಸೆಳೆಯುತ್ತದೆ ಎಂದು ಕೆಲವರು ಹೆದರುತ್ತಾರೆ. ಅಲೆಗೆ ಅಂಥ ಶಕ್ತಿಯಿಲ್ಲ. ತಂತಿಯೇ ಇಲ್ಲದ ಫೋನಿಗೆ ಸಿಡಿಲಿನ ಭಯವೇನು ಎಂದು ಉಳಿದವರು ನಿರಾಳ. ಮಾತಾಡುವವರ ಮಟ್ಟಿಗೆ ಈ ಎರಡನೆಯದರಲ್ಲಿ ಹುರುಳಿದೆ. ಕಂಬದಿಂದ ಕಂಬಕ್ಕೆ ಹಾದು ಬರುವ ತಾಮ್ರದ ಲೈನಿನ ಮೂಲಕ ಸಿಡಿಲಿನ ವಿದ್ಯುತ್ ಮನೆಯೊಳಗೆ ಬರಬಹುದು. ತಂತಿಯ ಫೋನನ್ನು ಕಿವಿಗೆ ಹಿಡಿದವರಿಗೆ ಅದು ಪ್ರಾಣಾಪಾಯ. ಬೇಸಿನಿಂದ ದೂರ ನಿಂತು ಹ್ಯಾಂಡ್‌ಸೆಟ್ಟಿನಲ್ಲಿ ಮಾತಾಡುವವರಿಗೆ ಆ ದಾರಿ ತೆರೆದಿಲ್ಲ. ಬೇಸಿಗೆ ಮಾತ್ರ ಅದು ಎರಡು ಕಡೆಯಿಂದ ತೆರೆದಿದೆ: ಟೆಲಿಫೋನ್ ಲೈನು, ಕರೆಂಟಿನ ಲೈನು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸುಟ್ಟುಹೋಗುವ ಬೇಸ್‌ಗಳಲ್ಲಿ ಕೆಲವಕ್ಕೆ ಪ್ಲಗ್ ತೆಗೆದಿರುತ್ತಾರೆ, ಲೈನ್ ತೆಗೆದಿರುವುದಿಲ್ಲ. ಎರಡನ್ನೂ ತೆಗೆಯಬೇಕು, ಅದೂ ಮೋಡ ಕವಿಯುವಾಗಲೇ. ಸಿಡಿಲು ಹೊಡೆಯಲು ತೊಡಗಿದ ಮೇಲೆ ಆ ತಂತಿಗಳನ್ನು ಮುಟ್ಟಲೇಬಾರದು. ಯಂತ್ರ ಹೋದರೆ ಹೋಗಲಿ.

ಪಕ್ಕದ ಮನೆಯವರು ತಮ್ಮ ಹ್ಯಾಂಡ್‌ಸೆಟ್ಟಿನಿಂದ ನಮ್ಮ ಲೈನಿನಲ್ಲಿ ಕರೆ ಮಾಡಬಹುದು, ನಮ್ಮ ಮಾತು ಕೇಳಬಹುದು ಎಂಬ ಅಂಜಿಕೆ ಹಿಂದೆ ಆಧಾರವಿಲ್ಲದ್ದಾಗಿರಲಿಲ್ಲ. 46 ಮತ್ತು 49 ಮೆಗಾಹರ್ಟ್ಸ್‌ನ ಹಳೆಯ ಅನಲಾಗ್ ಸೆಟ್‌ಗಳ ಮಾತನ್ನು ಸಾಮಾನ್ಯ ಸ್ಕ್ಯಾನರ್ ರೇಡಿಯೊದಲ್ಲೇ ಕೇಳಬಹುದಿತ್ತು. ಡೆಕ್ಟ್‌ನಲ್ಲಿ ಪ್ರತಿ ಹ್ಯಾಂಡ್‌ಸೆಟ್ಟೂ ತನ್ನ ಬೇಸಿನಲ್ಲಿ ನೋಂದಣಿಯಾಗಬೇಕು. ಹಾಗೆಂದು ಡಿಜಿಟಲ್ ಎಂದಾಕ್ಷಣ ಗುಟ್ಟು ಭದ್ರ ಎಂಬುದೂ ತಪ್ಪು. ಮಾತನ್ನು ಗೂಢಲಿಪಿಗೆ ತಿರುಗಿಸುವ ಏರ್ಪಾಡು ಮಾನದಂಡದಲ್ಲಿದ್ದರೂ ಎಷ್ಟೋ ತಯಾರಕರು ಅದನ್ನು ಅಳವಡಿಸಿರಲಿಲ್ಲ. 2008ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್‌ನಲ್ಲಿ ಸಂಶೋಧಕರು ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಕಾರ್ಡೊಂದರಿಂದ ಅಂಥ ಫೋನುಗಳ ಮಾತನ್ನು ಹಿಡಿಯಬಹುದೆಂದು ತೋರಿಸಿದರು. ಆಮೇಲೆ ಸುರಕ್ಷತೆಯ ನಿಯಮಗಳು ಬಿಗಿಯಾದವು. ಕೊಳ್ಳುವಾಗ ಗೂಢಲಿಪಿಯ ಸೌಲಭ್ಯ ಇದೆಯೇ ಎಂದು ನೋಡುವುದು, ಬೇಸಿನ 0000 ಎಂಬಂಥ ಮೂಲ ಪಿನ್ ಬದಲಿಸುವುದು ಮನೆಯವರ ಕೈಯಲ್ಲಿದೆ. ಈ ರಕ್ಷಣೆ ಇರುವುದು ಹ್ಯಾಂಡ್‌ಸೆಟ್ಟಿನಿಂದ ಬೇಸಿನವರೆಗೆ. ಅಲ್ಲಿಂದಾಚೆಯ ತಾಮ್ರದ ತಂತಿಗೆ ಅದು ಅನ್ವಯಿಸುವುದಿಲ್ಲ.

ವಿಕಿರಣದ ಭಯವನ್ನು ಅಂಕಿಗಳಿಂದ ಅಳೆಯುವುದು ಒಳ್ಳೆಯದು. ಈ ಅಲೆಗಳು ಎಕ್ಸ್‌-ರೇ ಹಾಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ ಶಕ್ತಿಯವಲ್ಲ. ಡೆಕ್ಟ್ ಹ್ಯಾಂಡ್‌ಸೆಟ್ಟಿನ ಗರಿಷ್ಠ ಶಕ್ತಿ 250 ಮಿಲಿವಾಟ್. ಆದರೆ ಕಾಲವನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ, ಪ್ರತಿ ತುಂಡನ್ನು 24 ಭಾಗಗಳಾಗಿ ಹಂಚಿಕೊಂಡು, ಒಂದು ಭಾಗದಲ್ಲಿ ಮಾತ್ರ ಅದು ಅಲೆ ಹೊರಡಿಸುವುದರಿಂದ ಸರಾಸರಿ ಸುಮಾರು 10 ಮಿಲಿವಾಟ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಪುರಾವೆ ಮಾತ್ರ ಸೀಮಿತ ಎಂಬುದು ಆ ಗುಂಪಿನ ತಾತ್ಪರ್ಯ. ಕ್ಯಾನ್ಸರ್ ಬರುತ್ತದೆಂದು ಸಾಬೀತಾಗಿದೆ ಎಂದಲ್ಲ. ಮಾತಾಡದಿದ್ದಾಗ ಅಲೆಯೇ ಇಲ್ಲ ಎಂದುಕೊಳ್ಳುವುದೂ ಸರಿಯಲ್ಲ. ಹ್ಯಾಂಡ್‌ಸೆಟ್ ಆಗ ಬಹುಮಟ್ಟಿಗೆ ಸುಮ್ಮನಿದ್ದರೂ ಬೇಸ್ ತನ್ನ ಇರವನ್ನು ಸಾರುವ ಸಂಕೇತವನ್ನು ಬಿಡದೆ ಕಳಿಸುತ್ತಿರುತ್ತದೆ. ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುವುದರಿಂದ, ತಲೆದಿಂಬಿನ ಪಕ್ಕ ಬೇಸ್ ಇಡದಿದ್ದರೆ ಸಾಕು. ಕೆಲವು ಸೆಟ್‌ಗಳಲ್ಲಿ ಈ ಸಂಕೇತವನ್ನು ತಗ್ಗಿಸುವ ‘ಇಕೋ’ ಆಯ್ಕೆಯೂ ಇದೆ.

ಶ್ರವಣ ಸಾಧನ ಹಾಕಿಕೊಂಡವರಿಗೆ ಕೆಲವೊಮ್ಮೆ ಈ ಫೋನಿನಲ್ಲಿ ಗುಂಯ್‌ಗುಟ್ಟುವ ಸದ್ದು ಕೇಳುತ್ತದೆ, ಕಿವಿಯ ಸಾಧನ ಕೆಟ್ಟಿದೆ ಎಂದು ಅವರು ಗಾಬರಿಯಾಗುತ್ತಾರೆ. ಅಲೆ ಸೆಕೆಂಡಿಗೆ 100 ಬಾರಿ ಮಿಡಿಯುವುದರಿಂದ ಹುಟ್ಟುವ ಸದ್ದು ಅದು. ಹ್ಯಾಂಡ್‌ಸೆಟ್ಟನ್ನು ಕಿವಿಯಿಂದ ಸ್ವಲ್ಪ ಸರಿಸಿದರೆ ಅಥವಾ ಸ್ಪೀಕರ್ ಹಾಕಿಕೊಂಡರೆ ತಗ್ಗುತ್ತದೆ. ಪೇಸ್‌ಮೇಕರ್ ಇರುವವರು ಈ ಫೋನನ್ನು ಬಿಡಬೇಕಾಗಿಲ್ಲ. ಅಂಗಿಯ ಮೇಲ್ಜೇಬಿನಲ್ಲಿ ಇಟ್ಟುಕೊಳ್ಳದೆ, ಸಾಧನದಿಂದ 15 ಸೆಂಟಿಮೀಟರ್ ದೂರವಿರುವಂತೆ ಇನ್ನೊಂದು ಬದಿಯ ಕಿವಿಗೆ ಹಿಡಿದರೆ ಆಯಿತು.

ಅಡುಗೆ ಅನಿಲ ಸೋರಿದಾಗ ಹ್ಯಾಂಡ್‌ಸೆಟ್ಟನ್ನು ಅಂಗಳಕ್ಕೆ ಒಯ್ದು ಕರೆ ಮಾಡಿದರೆ ಅಪಾಯವಿಲ್ಲ ಎಂಬ ಎಣಿಕೆಯೂ ಬೇಸನ್ನು ಮರೆತದ್ದೇ. ಗುಂಡಿ ಒತ್ತಿದ್ದು ಅಂಗಳದಲ್ಲಾದರೂ ಲೈನನ್ನು ಜೋಡಿಸುವ ವಿದ್ಯುತ್ ಕೆಲಸ ನಡೆಯುವುದು ಅನಿಲ ತುಂಬಿದ ಮನೆಯೊಳಗಿನ ಬೇಸಿನಲ್ಲಿ. ಅಂಥ ಹೊತ್ತಿನಲ್ಲಿ ಮನೆಯ ಯಾವ ಸ್ವಿಚ್ಚನ್ನೂ ಹಾಕದೆ, ತೆಗೆಯದೆ, ಬೇಸಿನ ಪ್ಲಗ್ಗನ್ನೂ ಕೀಳದೆ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಬರಬೇಕು. ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡುವುದು ನೆರೆಮನೆಯ ಫೋನಿನಿಂದ, ಇಲ್ಲವೇ ಮನೆಯಿಂದ ದೂರ ನಿಂತು ಮೊಬೈಲಿನಿಂದ.