ಬಿಡಾರ ಬದಲಾವಣೆ

ಬಾಡಿಗೆಮನೆಯಿಂದ ಬಾಡಿಗೆಮನೆಗೆ ಬಿಡಾರ ಬದಲಿಸಿದವರಿಗೆ ಒಂದು ಸತ್ಯ ತಿಳಿದಿರುತ್ತದೆ. ಗಾಡಿಯಲ್ಲಿ ಹೇರಿಕೊಂಡು ಹೋಗಬಹುದಾದುದಷ್ಟೇ ನಮ್ಮದು. ಗೋಡೆಗೆ ಹೊಡೆಸಿದ ಗೂಟ, ಹಿತ್ತಿಲಲ್ಲಿ ನೆಟ್ಟ ಕರಿಬೇವಿನ ಗಿಡ ಇವು ನಾವೇ ಹಣ ತೆತ್ತವಾದರೂ ಹಿಂದೆಯೇ ಉಳಿಯುತ್ತವೆ. ಕೈಯೊಳಗಣ ಫೋನಿನ ವಿಷಯದಲ್ಲಿಯೂ ಈ ನ್ಯಾಯವೇ ನಡೆಯುವುದೆಂದು ನನಗೆ ಮನವರಿಕೆಯಾದುದು 2023ರಲ್ಲಿ, ಐದು ವರ್ಷ ದುಡಿದ ಆಂಡ್ರಾಯ್ಡ್ ಫೋನನ್ನು ಬಿಟ್ಟು ಐಫೋನನ್ನು ಕೊಂಡಾಗ.

ಇವೆರಡೂ ಬಹಳ ಹಳೆಯವೇನಲ್ಲ. ಐಫೋನು ಮಾರುಕಟ್ಟೆಗೆ ಬಂದುದು 2007ರಲ್ಲಿ. ಆಂಡ್ರಾಯ್ಡಿನ ಮೊದಲ ಫೋನು ಅದರ ಮರುವರ್ಷ. ಇಷ್ಟರಲ್ಲಿಯೇ ಅವು ಎರಡು ಬೇರೆ ಸಂಸ್ಥಾನಗಳಂತೆ ಬೆಳೆದು ನಿಂತಿವೆ. ಒಂದರಲ್ಲಿ ಬೆಲೆ ಕೊಟ್ಟು ಪಡೆದ ಆ್ಯಪು ಸಾಮಾನ್ಯವಾಗಿ ಇನ್ನೊಂದರಲ್ಲಿ ಸಲ್ಲದು. ಮತ್ತೆ ಹಣ ತೆರಬೇಕು. ಪರದೆಯ ಅಡಿಯಲ್ಲಿದ್ದ ‘ಹಿಂದಕ್ಕೆ’ ಹೋಗುವ ಗುಂಡಿಗಾಗಿ ನನ್ನ ಹೆಬ್ಬೆರಳು ಒಂದು ವಾರ ತಡಕಾಡಿತು. ಇವೆಲ್ಲ ಸಣ್ಣ ನಷ್ಟಗಳು. ನನ್ನ ಕಳವಳದ ಕಾರಣವೇ ಬೇರೆ.

ನನ್ನ ಸೋದರತ್ತೆ ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಾಳಿದವರು, ಓದುಬರಹ ಬಲ್ಲವರಲ್ಲ. ಬೇಸಾಯದ ಮಾತುಗಳನ್ನು ಕೂಡಿಡುವ ನನ್ನ ಹವ್ಯಾಸಕ್ಕೆ ಅವರೇ ನಿಘಂಟು. ನಾನು ಕೇಳಿದ್ದಕ್ಕೆಲ್ಲ, ಮೊಮ್ಮಗನ ಕೈಯಲ್ಲಿ ಗುಂಡಿ ಒತ್ತಿಸಿ, ವಾಟ್ಸ್‌ಆ್ಯಪಿನಲ್ಲಿ ದನಿಯಲ್ಲಿಯೇ ಉತ್ತರ ಕಳುಹಿಸುತ್ತಿದ್ದರು. ಒಮ್ಮೆ ನಾನು ನೇಗಿಲ ಹಿಡಿಯನ್ನು ಮೇಟಿಯೆಂದುಬಿಟ್ಟೆ. “ಮೇಟಿ ಕಣದ ನಡುವೆ ನೆಡೋ ಕಂಬ ಕಣೋ, ನೇಗಿಲಿಗಿರೋದು ಮೇಣಿ. ಅಷ್ಟು ಓದಿ ಇಷ್ಟೂ ಗೊತ್ತಾಗಲಿಲ್ವೆ?” ಎಂದು ನಕ್ಕರು. 2021ರಲ್ಲಿ ಅವರು ತೀರಿಕೊಂಡರು. ಆ ನಗು ಉಳಿದದ್ದು ನನ್ನ ಹಳೆಯ ಫೋನಿನಲ್ಲಿ ಮಾತ್ರ.

ನಾನು ಬರೆದಿಟ್ಟುಕೊಂಡಿದ್ದ ಪದಗಳ ಪಟ್ಟಿ ಹೊಸ ಫೋನಿಗೆ ಒಂದಕ್ಷರವೂ ಕೆಡದೆ ಬಂದಿತು. ಇದು ಅದೃಷ್ಟದ ಮಾತಲ್ಲ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಒಡಂಬಡಿಕೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಲಾಗಿದೆ. ಆ ಒಡಂಬಡಿಕೆಗೆ ನಡೆಯುವ ಯಂತ್ರ ಯಾವುದೇ ಇರಲಿ, ‘ಕ್ಷ’ ಎಂದರೆ ಕಕಾರ, ವಿರಾಮ, ಷಕಾರ ಎಂಬ 3 ಸಂಖ್ಯೆಗಳೇ. ಇದರ ಬೆಲೆ ತಿಳಿಯಬೇಕಾದರೆ ನನ್ನ ಎಂ.ಎ. ಕಾಲದ ಪ್ರಬಂಧವನ್ನು ನೋಡಬೇಕು. ಅಂದಿನ ಒಂದು ಖಾಸಗಿ ಅಕ್ಷರವ್ಯವಸ್ಥೆಯಲ್ಲಿ ಬೆರಳಚ್ಚಾದ ಆ ಕಡತವನ್ನು ಈಗ, ಅದೇ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ, ರೋಮನ್ ಅಕ್ಷರಗಳ ಕಸದ ರಾಶಿ ಕಾಣುತ್ತದೆ.

ಅತ್ತೆಯ ದನಿಗೆ ಅಂಥ ಸುಗಮ ದಾರಿ ಇರಲಿಲ್ಲ. ವಾಟ್ಸ್‌ಆ್ಯಪಿನ ಸಂಭಾಷಣೆಗಳನ್ನು ಆಂಡ್ರಾಯ್ಡಿನಿಂದ ಐಫೋನಿಗೆ ಸಾಗಿಸುವ ಅಧಿಕೃತ ಮಾರ್ಗ ತೆರೆದುದೇ 2022ರಲ್ಲಿ. ನಾನು ಬದಲಿಸಿದಾಗಿನ ನಿಯಮದಂತೆ, ಹೊಸ ಫೋನು ಇನ್ನೂ ಬಳಕೆಗೆ ತೊಡಗದ ಸ್ಥಿತಿಯಲ್ಲಿರಬೇಕಾಗಿತ್ತು. ನಾನಾದರೋ ಉತ್ಸಾಹದ ಭರದಲ್ಲಿ ಅದನ್ನು ಮೂರು ದಿನ ಬಳಸಿಬಿಟ್ಟಿದ್ದೆ. ನಿಯಮವನ್ನು ಓದದ ತಪ್ಪು ನನ್ನದೇ. ಅತ್ತೆಯ ಹೆಸರನ್ನು ಒತ್ತಿ ನೋಡಿದರೆ ಬರಿಯ ಪರದೆ! ಎದೆ ಧಸಕ್ಕೆಂದಿತು. ಹಳೆಯ ಫೋನನ್ನು ಅಂಗಡಿಗೆ ಕೊಟ್ಟಿರಲಿಲ್ಲವೆಂಬುದೊಂದೇ ಪುಣ್ಯ. ಮಗಳು ಹೊಸದರಲ್ಲಿದ್ದುದನ್ನೆಲ್ಲ ಅಳಿಸಿ, ಎರಡನ್ನೂ ಚಾರ್ಜಿಗೆ ಹಾಕಿ, ಒಂದೇ ವೈಫೈಗೆ ಸೇರಿಸಿ, ಮೊದಲಿನಿಂದ ಆರಂಭಿಸಿದಳು. ರಾತ್ರಿ 11ರ ಹೊತ್ತಿಗೆ ಅತ್ತೆ ಹೊಸ ಬಿಡಾರದಲ್ಲಿ ನಕ್ಕರು.

ಒಂದೆರಡು ವರ್ಷ ಮೊದಲೇ ಬದಲಿಸಿದ್ದರೆ? ಹಳೆಯ ಫೋನನ್ನು ಮಾರಿಬಿಟ್ಟಿದ್ದರೆ? ಬರಹದಂತೆ ದನಿಗೂ ಎಲ್ಲ ಯಂತ್ರಗಳೂ ಬಲ್ಲ ಕಡತರೂಪಗಳುಂಟು. ಆದರೆ ನಾವು ನಮ್ಮ ಪ್ರೀತಿಯ ದನಿಗಳನ್ನು ಒಂದು ಆ್ಯಪಿನ ಗೋಡೆಯೊಳಗೆ ಇರಿಸಿ, ಅದನ್ನೇ ಸ್ವಂತ ಮನೆಯೆಂದು ನಂಬಿ ನಿಶ್ಚಿಂತರಾಗುತ್ತೇವೆ. ಮರುದಿನವೇ ನಾನು ಆ ದನಿಗಳನ್ನೆಲ್ಲ ಬಿಡಿ ಬಿಡಿ ಕಡತಗಳಾಗಿ ಗಣಕಕ್ಕೆ ಇಳಿಸಿ, ಒಂದೊಂದಕ್ಕೂ ಪದವನ್ನೂ ತಾರೀಖನ್ನೂ ಹೆಸರಾಗಿಟ್ಟೆ.

ಎರಡರಲ್ಲಿ ಯಾವ ಫೋನು ಉತ್ತಮವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಆ ನಿರ್ಣಯಕ್ಕೆ ನಾನು ಅಧಿಕಾರಿಯಲ್ಲ. ಒಳಗಿಟ್ಟದ್ದನ್ನು ಹೊರತೆಗೆಯುವ ಬಾಗಿಲು ಎಲ್ಲಿದೆಯೆಂಬುದನ್ನು ಮೊದಲು ನೋಡಿಕೊಳ್ಳಿರಿ ಎಂದಷ್ಟೇ ಹೇಳುತ್ತೇನೆ. ನನ್ನ ಪಟ್ಟಿಯಲ್ಲಿ ಈಗ ‘ಮೇಣಿ’ ಎಂಬ ಪದದ ಮುಂದೆ ಅರ್ಥವಿದೆ. ಅದರ ಪಕ್ಕದಲ್ಲಿ ಅತ್ತೆಯ ನಗುವೂ ಇದೆ.