ಮೊಣಕಾಲಿನ ಮಾತ್ರೆಯೂ ಮೂತ್ರಪಿಂಡವೂ

ಅಡಿಕೆಯ ಕೊಯ್ಲು ಬಂದಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ವೃದ್ಧರು ಸಹ ಸುಲಿಯಲು ಕುಳಿತುಕೊಳ್ಳುವರು. ಮರುದಿನ ಸೊಂಟವೂ ಮೊಣಕಾಲೂ ಹಿಡಿದುಕೊಳ್ಳುವವು. ಪೇಟೆಗೆ ಹೋದವರು ವೈದ್ಯರನ್ನು ಕೇಳದೆಯೇ ನೋವಿನ ಮಾತ್ರೆ ತರುವರು. ನಾವೂ ಎರಡು ಕೊಯ್ಲುಗಳ ಕಾಲ ಹೀಗೆಯೇ ನುಂಗಿದವರು; ಕಾಲು ಬಾತಾಗ ಅದನ್ನು ವಯಸ್ಸಿನ ದೋಷವೆಂದೇ ಬಗೆದೆವು.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವು ನೋವನ್ನು ಶಮನಗೊಳಿಸುವದು ದಿಟ. ಆದರೆ ಮೂತ್ರಪಿಂಡಕ್ಕೆ ರಕ್ತವೊಯ್ಯುವ ನಾಳಗಳನ್ನು ತೆರೆದಿಡುವ ದ್ರವ್ಯವು ದೇಹದಲ್ಲಿ ಹುಟ್ಟುವದನ್ನೂ ಅವು ತಡೆಯುವವು. ಆರೋಗ್ಯವಂತ ತರುಣರು ಇದನ್ನು ಪ್ರಾಯಃ ತಾಳಿಕೊಳ್ಳುವರು. ಮೂತ್ರಪಿಂಡವು ಮೊದಲೇ ಕುಂದಿದ ವೃದ್ಧರು ರಕ್ತದೊತ್ತಡದ ಮಾತ್ರೆಯನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಸೇವಿಸುತ್ತಿದ್ದು, ಮೇಲೆ ವಾಂತಿಭೇದಿಯೂ ಆಗಿ ದೇಹದ ನೀರು ಬತ್ತಿದರೆ, ಆ ಪಿಂಡವು ಒಮ್ಮೆಲೇ ಕೈಕೊಡಬಹುದು.

ಈ ಔಷಧದ ಉಗ್ರತೆಯನ್ನು ರಣಹದ್ದುಗಳು ನಮಗೆ ತೋರಿಸಿದವು. ಡೈಕ್ಲೋಫೆನಾಕ್ ಪಡೆದಿದ್ದ ದನಗಳ ಹೆಣವನ್ನು ತಿಂದು, ಮೂತ್ರಪಿಂಡ ಕೆಟ್ಟು, ಅವು ದೇಶದಲ್ಲೆಲ್ಲ ಹೇರಳವಾಗಿ ಸತ್ತವು. 2006ರಲ್ಲಿ ಸರಕಾರವು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಮನುಷ್ಯನು ಹದ್ದಿನಷ್ಟು ಸೂಕ್ಷ್ಮನಲ್ಲ, ಅದು ಬೇರೆ ಮಾತು.

ರಕ್ತದಲ್ಲಿಯ ಕ್ರಿಯಾಟಿನಿನ್ ಪರೀಕ್ಷೆಯಿಂದ ಪಿಂಡದ ಬಲಾಬಲ ತಿಳಿಯುವದು. ಕೃಶರಾದ ವೃದ್ಧರಲ್ಲಿ ಮಾಂಸವು ಕಡಿಮೆಯಾದುದರಿಂದ ಅಂಕೆಯು ಸರಿಯಿದ್ದಂತೆ ತೋರಬಹುದು. ಆದುದರಿಂದ ವೈದ್ಯರು ವಯಸ್ಸನ್ನೂ ಕೂಡಿಸಿ ಲೆಕ್ಕಹಾಕುವರು. ಅವರ ಬಳಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಅಂಗಡಿಯಿಂದ ತಂದ ನೋವಿನದನ್ನೂ ಬಿಡದೆ, ಒಂದೇ ಚೀಲದಲ್ಲಿ ಒಯ್ಯಿರಿ. ಸಿಹಿಮೂತ್ರಕ್ಕೆಂದು ಸೇವಿಸುವ ಮೆಟ್‌ಫಾರ್ಮಿನ್‌ನ ಪ್ರಮಾಣವನ್ನು ಸಹ ಆ ಲೆಕ್ಕದ ಮೇಲಿಂದಲೇ ತಗ್ಗಿಸುವದುಂಟು.