ಹೆಸರಿನ ಪತ್ತು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಯಾವ ದೊಡ್ಡ ಊರಿಗೆ ಹೋದರೂ ‘ಪತ್ತಿನ ಸಹಕಾರಿ ಸಂಘ’ ಎಂಬ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಸಹಕಾರವೂ ಸಂಘವೂ ಎಲ್ಲರಿಗೂ ತಿಳಿದ ಮಾತುಗಳೇ. ‘ಪತ್ತು’ ಎಂದರೇನೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಬಹುಜನರು ಸುಮ್ಮನಾಗುತ್ತಾರೆ. ಮರಾಠಿಯ ‘ಪತ’ ಎಂಬ ಮಾತಿಗೆ ಮಾನವೆಂದೂ ಅರ್ಥ, ಸಾಲ ಹುಟ್ಟುವಷ್ಟು ನಂಬಿಕೆಯೆಂದೂ ಅರ್ಥ. ನಮ್ಮ ಪತ್ತೂ ಅದೇ. ಇಂಗ್ಲಿಷಿನ ‘ಕ್ರೆಡಿಟ್’ ನಂಬು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿತು. ಹಣಕ್ಕಿಂತ ಮೊದಲು ನಂಬಿಕೆ, ನಂಬಿಕೆಗೆ ಹಿಡಿಕೆಯಾಗಿ ಒಂದು ಹೆಸರು. ಈ ಹೆಸರಿನ ಸಂಗತಿಯನ್ನು ಕುರಿತು, ಇಂಗ್ಲಂಡದ ಒಂದು ಮನೆತನವನ್ನೂ ನಮ್ಮ ಸೀಮೆಯ ಅಡ್ಡಹೆಸರುಗಳನ್ನೂ ಒಟ್ಟಿಗಿಟ್ಟು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. (ಮೈಸೂರು ಸೀಮೆಯ ಓದುಗರಿಗೆ ಒಂದು ಸೂಚನೆ: ಅಲ್ಲಿ ಅಡ್ಡಹೆಸರೆಂದರೆ ಹಾಸ್ಯಕ್ಕೆ ಕರೆಯುವ ಹೆಸರು, ನಮ್ಮಲ್ಲಿ ಅದು ಮನೆತನದ ಹೆಸರು.)

ಪೂರ್ವ ಇಂಗ್ಲಂಡದ ನಾರ್ವಿಚ್ ಪಟ್ಟಣ ಉಣ್ಣೆಯ ನೇಯ್ಗೆಗೆ ಹೆಸರಾದದ್ದು. ಅಲ್ಲಿಯ ಗರ್ನಿ ಮನೆತನದವರು ಮೂಲತಃ ನೂಲು ಮತ್ತು ಉಣ್ಣೆಯ ವ್ಯಾಪಾರಿಗಳು. ಕ್ರೈಸ್ತರಲ್ಲಿ ಕ್ವೇಕರ್ ಪಂಥಕ್ಕೆ ಸೇರಿದವರು. ಆಣೆ ಮಾಡುವುದು ಆ ಪಂಥಕ್ಕೆ ನಿಷಿದ್ಧ. ಆಣೆ ಮಾಡದವನಿಗೆ ಅಂದಿನ ಇಂಗ್ಲಂಡದಲ್ಲಿ ಸರಕಾರಿ ಹುದ್ದೆಯ ಬಾಗಿಲು ಮುಚ್ಚಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಯೂ ಎಟುಕದು. ಉಳಿದದ್ದು ವ್ಯಾಪಾರ. ಆಣೆಯಿಲ್ಲದೆಯೂ ನುಡಿದಂತೆ ನಡೆಯುವವರೆಂಬ ಕೀರ್ತಿಯೇ ಅವರಿಗೆ ಬಂಡವಾಳವಾಯಿತು. ನೇಕಾರರೂ ಒಕ್ಕಲಿಗರೂ ತಮ್ಮ ಉಳಿತಾಯವನ್ನು ನೂಲಿನ ಅಂಗಡಿಯಲ್ಲಿಯೇ ಇಟ್ಟು ಹೋಗತೊಡಗಿದರು. 1770ರಲ್ಲಿ ಜಾನ್ ಮತ್ತು ಹೆನ್ರಿ ಗರ್ನಿಯವರು ಅದನ್ನು ಬ್ಯಾಂಕೆಂದೇ ಕರೆದರು. ಸೆರೆಮನೆಗಳ ಸುಧಾರಣೆಗಾಗಿ ಹೆಣಗಿದ ಎಲಿಜಬೆತ್ ಫ್ರೈ (1780-1845) ಈ ಮನೆತನದ ಮಗಳೇ.

ಇದರಲ್ಲಿ ನಮಗೆ ಸಂಬಂಧಿಸಿದ ಒಂದು ಎಳೆಯೂ ಉಂಟು. 1720ರ ಸುಮಾರಿಗೆ ಇದೇ ಮನೆಯ ಜಾನ್ ಗರ್ನಿ ಎಂಬಾತನು ಪಾರ್ಲಿಮೆಂಟಿನ ಮುಂದೆ ನಿಂತು, ಹಿಂದೂಸ್ಥಾನದಿಂದ ಬರುವ ಹತ್ತಿಯ ಬಟ್ಟೆಯಿಂದ ಉಣ್ಣೆಯ ನೇಕಾರರು ಕೆಡುತ್ತಾರೆಂದು ವಾದಿಸಿದನು. ‘ನೇಕಾರರ ವಕೀಲ’ನೆಂಬ ಬಿರುದನ್ನೂ ಪಡೆದನು. 1721ರಲ್ಲಿ ನಮ್ಮ ಚೀಟಿನ ಬಟ್ಟೆಗೆ ಅಲ್ಲಿ ಕಾಯದೆಯ ತಡೆ ಬಿದ್ದಿತು. ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಹಿಂದೂಸ್ಥಾನದಿಂದ ಅವರಿಗೆ ಬೇಕಾದದ್ದು ಬಟ್ಟೆಯಲ್ಲ, ಅರಳೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ‘ಧಾರವಾಡ-ಅಮೆರಿಕನ್’ ಹತ್ತಿಗೆ ಬಂದ ಬೆಲೆಯೂ, ಯುದ್ಧ ಮುಗಿದೊಡನೆ ಅದು ಕುಸಿದ ಬಗೆಯೂ ನಮ್ಮ ಎರೆಸೀಮೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಅದೇ ವರ್ಷಗಳಲ್ಲಿ ಲಂಡನ್ನಿನಲ್ಲಿದ್ದ ಗರ್ನಿಯವರ ಇನ್ನೊಂದು ಅಂಗಡಿ, ಓವರೆಂಡ್-ಗರ್ನಿ ಕಂಪನಿ, ಹುಂಡಿಗಳನ್ನು ವಟಾಯಿಸುವ ತನ್ನ ಕುಲಕಸಬನ್ನು ಬಿಟ್ಟು ಹಡಗು, ರೈಲುಗಳ ಸಾಹಸಕ್ಕೆ ಹಣ ಹೂಡಿತ್ತು. 1866ರ ಮೇ 10ರಂದು ಅದು ಬಾಗಿಲು ಮುಚ್ಚಿತು. ಬಾಕಿ ಸುಮಾರು ಒಂದು ಕೋಟಿ ಹತ್ತು ಲಕ್ಷ ಪೌಂಡು. ನಿರ್ದೇಶಕರ ಮೇಲೆ ಖಟ್ಲೆ ನಡೆದು 1869ರಲ್ಲಿ ಅವರು ಬಿಡುಗಡೆ ಹೊಂದಿದರು. ನಾರ್ವಿಚ್ಚಿನ ಮೂಲ ಅಂಗಡಿ ಹೇಗೋ ತಾಳಿಕೊಂಡಿತು. 1896ರಲ್ಲಿ ಇಪ್ಪತ್ತು ಖಾಸಗಿ ಬ್ಯಾಂಕುಗಳು ಕೂಡಿ ಬಾರ್ಕ್ಲೇಸ್ ಆದಾಗ ಅದೂ ಅದರಲ್ಲಿ ಕರಗಿತು. ಹಣ ಉಳಿಯಿತು, ಹೆಸರು ಹೋಯಿತು.

ಇನ್ನು ಆ ಹೆಸರು ಬಂದದ್ದೆಲ್ಲಿಂದ? ಫ್ರಾನ್ಸಿನ ನಾರ್ಮಂಡಿಯಲ್ಲಿ ಗೂರ್ನೆ ಎಂಬ ಊರಿದೆ. ಅಲ್ಲಿಯ ಪಾಳೆಯಗಾರರು 1066ರ ದಂಡಯಾತ್ರೆಯ ಕಾಲಕ್ಕೆ ಇಂಗ್ಲಂಡಕ್ಕೆ ಬಂದರು. ಊರಿನ ಹೆಸರು ಅವರ ಹೆಸರಾಯಿತು. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ನಾರ್ವಿಚ್ಚಿನ ನೂಲಿನ ವ್ಯಾಪಾರಿಗಳು ಆ ಪಾಳೆಯಗಾರರ ನೇರ ವಂಶಜರೆಂದು ಡ್ಯಾನಿಯಲ್ ಗರ್ನಿ ಎಂಬ ಬ್ಯಾಂಕಿನ ಯಜಮಾನನೇ 1848ರಲ್ಲಿ ದೊಡ್ಡ ಗ್ರಂಥವೊಂದನ್ನು ಅಚ್ಚು ಹಾಕಿಸಿದನು. ನಡುವಣ ಕೊಂಡಿಗಳನ್ನು ಸಂಶೋಧಕರೆಲ್ಲರೂ ಒಪ್ಪಿಲ್ಲ. ನಾಲ್ಕು ಕಾಸು ಕೂಡಿದ ಮೇಲೆ ಪೂರ್ವಿಕರೂ ದೊಡ್ಡವರಾಗುವುದು ಎಲ್ಲ ದೇಶಗಳ ರೀತಿ. ನಮ್ಮ ಕೈಫಿಯತ್ತುಗಳನ್ನು ಓದಿದವರಿಗೆ ಇದು ಹೊಸತಲ್ಲ.

ಊರಿನ ಹೆಸರು ಮನೆತನಕ್ಕೆ ಅಂಟುವುದರಲ್ಲಿ ಒಂದು ಸ್ವಾರಸ್ಯವಿದೆ: ಊರು ಬಿಟ್ಟವನಿಗೇ ಊರಿನ ಹೆಸರು. ಗೂರ್ನೆಯಲ್ಲಿದ್ದಾಗ ಎಲ್ಲರೂ ಗೂರ್ನೆಯವರೇ ಆದ್ದರಿಂದ ಆ ಹೆಸರಿನಿಂದ ಯಾರನ್ನು ಗುರುತಿಸುವುದು? ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣರ ಅಡ್ಡಹೆಸರು ಸವಣೂರಲ್ಲ, ಘಟಪ್ರಭೆಯ ಸೀಮೆಯ ಗೋಕಾಕ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರು ಪೂರ್ವಿಕರ ಊರಾದ ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತು ದೇಶಕ್ಕೆಲ್ಲ ಕೇಳಿಸಿದರು. ಆದರೆ ಅದೇ ಹೆಸರು ಕಂಡಲ್ಲೆಲ್ಲ ತಾರಕೇಶ್ವರನ ಗುಡಿಯನ್ನು ನೆನೆಯುವುದೂ ಸರಿಯಲ್ಲ. ‘ಶೋಲೆ’ ಚಿತ್ರದ ಮುದುಕ ಇಮಾಮನ ಪಾತ್ರ ವಹಿಸಿದ ಎ. ಕೆ. ಹಂಗಲ್ ಕಾಶ್ಮೀರಿ ಪಂಡಿತರ ಮನೆಯವರು. ಅವರ ಹಂಗಲ್ ಕಾಶ್ಮೀರಿ ನುಡಿಯ ಸಾರಂಗ! ನಿರುಕ್ತಕ್ಕೆ ಕೈಯಿಕ್ಕುವ ವಿದ್ಯಾರ್ಥಿಗಳು ಈ ಸಾರಂಗವನ್ನು ಮರೆಯದಿರುವುದು ಒಳ್ಳೆಯದು.

ನಮ್ಮ ಕಡೆಯ ಅಡ್ಡಹೆಸರುಗಳ ಪಟ್ಟಿಯೆಂದರೆ ಒಂದು ಸಂತೆಯೇ ಸರಿ. ಜವಳಿ, ಅಕ್ಕಿ, ಬೆಲ್ಲದ, ತುಪ್ಪದ, ಉಪ್ಪಿನ, ಮೆಣಸಿನಕಾಯಿ, ತೆಂಗಿನಕಾಯಿ, ಉಳ್ಳಾಗಡ್ಡಿ, ಎಲಿಗಾರ - ಹಾಜರಿ ಕರೆಯುವ ಮೇಷ್ಟರಿಗೆ ಪೇಟೆಯಲ್ಲಿ ತಿರುಗಿದ ಅನುಭವವಾಗುತ್ತದೆ. ಈ ಸಂತೆಯ ಒಂದು ಓಣಿ ಹಣದ್ದು. ಅದರಲ್ಲಿ ಮೂರು ಕಾಲದ ಪದರಗಳಿವೆ. ಶೆಟ್ಟಿ, ಶೆಟ್ಟರ ಎಂಬುವು ಅತಿ ಹಳೆಯವು. ಸಂಸ್ಕೃತದ ‘ಶ್ರೇಷ್ಠಿ’ ಪ್ರಾಕೃತದ ಮೂಲಕ ಹಾದು ಬಂದ ರೂಪ. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ಸೆಟ್ಟಿಗಳದೇ ಮೆರವಣಿಗೆ. ಚಿನಿವಾರ ಅಚ್ಚಕನ್ನಡದ ಮಾತು, ಚಿನ್ನದ ನಾಣ್ಯಗಳನ್ನು ನೋಡಿ, ತೂಗಿ, ಬದಲಿಸಿ ಕೊಡುವವನು. ಚಿನ್ನ-ಬೆಳ್ಳಿಯ ದರ ಕೊಡುವಾಗ ಪತ್ರಿಕೆಗಳು ಈಗಲೂ ‘ಚಿನಿವಾರ ಪೇಟೆ’ ಎಂದೇ ಬರೆಯುತ್ತವೆ. ಟಂಕಸಾಲಿ ಎಂಬುದರಲ್ಲಿ ನಾಣ್ಯ ಅಚ್ಚು ಮಾಡುವ ಟಂಕಶಾಲೆಯೇ ಇದೆ. ನೆರೆಯ ಲಕ್ಕುಂಡಿಯ ಲೊಕ್ಕಿಗದ್ಯಾಣವನ್ನು ಶಾಸನಗಳಲ್ಲಿ ಕಂಡವರಿಗೆ ಇಂಥ ಹೆಸರು ಈ ಸೀಮೆಯಲ್ಲಿ ಇರುವುದು ಸಹಜವೆನಿಸುವುದು.

ಎರಡನೆಯ ಪದರ ಪಾರಸಿಯದು. ಆದಿಲಶಾಹಿಯ, ಆಮೇಲೆ ಸವಣೂರ ನವಾಬರ ದಫ್ತರಗಳಿಂದ ಊರೂರಿಗೆ ಹರಿದ ಮಾತುಗಳಲ್ಲಿ ಸರಾಫ, ಪೋತದಾರ ಇವು ಸೇರುತ್ತವೆ. ಸರಾಫ ಅರಬ್ಬಿಯ ‘ಸರ್ರಾಫ್’. ಇಂಗ್ಲಿಷರ ಬಾಯಲ್ಲಿ ಅದೇ ‘ಶ್ರಾಫ್’. ಪೋತದಾರನೆಂದರೆ ಹಣದ ಚೀಲ ಇಟ್ಟುಕೊಂಡವನು: ಪಾರಸಿಯ ‘ಫೋತಾ’ ಎಂದರೆ ಚೀಲ. ಹತ್ತು ರಾಜ್ಯಗಳ ನಾಣ್ಯಗಳು ಒಂದೇ ಸಂತೆಯಲ್ಲಿ ಓಡಾಡುತ್ತಿದ್ದಾಗ, ಯಾವುದು ಸವಕಲು, ಯಾವುದು ಖೋಟಾ ಎಂದು ಹೇಳಬಲ್ಲವನಿಲ್ಲದೆ ಕಂದಾಯ ಕಟ್ಟುವುದೇ ಸಾಧ್ಯವಿರಲಿಲ್ಲ. ಮೂರನೆಯದು ಪೇಶವೆಯರ ಕಾಲದಲ್ಲಿ ಗಟ್ಟಿಯಾಗಿ ಬೇರೂರಿದ ಸಾವಕಾರ. ‘ಸಾಧು’ ಎಂಬ ಸಂಸ್ಕೃತ ಶಬ್ದವೇ ‘ಸಾಹು’ ಆಗಿ ಸಾಹುಕಾರನಾಯಿತೆಂದರೆ, ಬಡ್ಡಿ ತೆತ್ತ ಎಷ್ಟೋ ಒಕ್ಕಲಿಗರು ನಕ್ಕಾರು. ಆದರೂ ಮಾತಿನ ಮೂಲದಲ್ಲಿರುವುದು ನಂಬಿಕೆಯೇ. ‘ಶಾಹಜೋಗ ಹುಂಡಿ’ ಎಂಬ ಒಂದು ಬಗೆಯ ಹುಂಡಿಯನ್ನು ಪೇಟೆಯಲ್ಲಿ ಮಾನವುಳ್ಳ ಸಾಹುವಿಗಲ್ಲದೆ ಬೇರೆಯವರಿಗೆ ಸಲ್ಲಿಸುವಂತಿರಲಿಲ್ಲ. 1881ರ ವರ್ಗಾವಣೀಯ ಪತ್ರಗಳ ಕಾಯದೆ ಬಂದಾಗಲೂ ಹುಂಡಿಯ ಇಂಥ ದೇಶೀಯ ರೂಢಿಗಳನ್ನು ಸರಕಾರ ಮುಟ್ಟಲಿಲ್ಲ.

ಹೀಗೆ ಇಂಗ್ಲಂಡದಲ್ಲಿ ಗರ್ನಿ, ಲಾಯ್ಡ್, ಹೋರ್, ಬಾರ್ಕ್ಲೇ ಎಂಬ ಮನೆತನದ ಹೆಸರುಗಳು ಅಂಗಡಿಯ ಹೆಸರುಗಳಾದವು. ನಮ್ಮಲ್ಲಿ ಅಂಗಡಿಯೇ ಮನೆತನದ ಹೆಸರಾಯಿತು. ಲಾಯ್ಡ್ ಎಂದರೆ ವೆಲ್ಷ್ ನುಡಿಯಲ್ಲಿ ಬೂದುಬಣ್ಣದವನು. ಹಣಕ್ಕೂ ಅದಕ್ಕೂ ನಂಟಿಲ್ಲ. ನಮ್ಮ ಪೋತದಾರನ ಹೆಸರಿನಲ್ಲಿ ಚೀಲ ಇನ್ನೂ ಇದೆ, ಮೊಮ್ಮಗ ಶಾಲೆಯ ಮಾಸ್ತರನಾಗಿದ್ದರೂ. ಕನ್ನಡ ನಾಡಿನಲ್ಲಿ ಬ್ಯಾಂಕುಗಳು ಹುಟ್ಟಿದಾಗಲೂ ಸ್ಥಾಪಕರು ತಮ್ಮ ಮನೆಯ ಹೆಸರನ್ನು ಮುಂದೆ ಮಾಡಲಿಲ್ಲವೆಂಬುದು ಗಮನಾರ್ಹ. 1906ರಲ್ಲಿ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳು ತೆರೆದದ್ದು ಕೆನರಾ ಹೆಸರಿನ ನಿಧಿ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ್ದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್. ಊರಿನ ಪತ್ತನ್ನು ಅವರು ನಾಡಿನ ಹೆಸರಿಗೆ ಒಪ್ಪಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ಇನ್ನೂ ಮುಂದಿನ ಹೆಜ್ಜೆಯಿಟ್ಟಿತು: ಒಬ್ಬ ಸಾವಕಾರನ ಹೆಸರಿನ ಬದಲು ಊರವರೆಲ್ಲರ ಹೆಸರು ಕೂಡಿ ಒಂದು ಪತ್ತು.

ಸಾಲ ಕೊಟ್ಟವನ ಕಸಬಿನಿಂದ ಇಷ್ಟೊಂದು ಅಡ್ಡಹೆಸರುಗಳು ಹುಟ್ಟಿದವು. ಸಾಲ ಪಡೆದವನ ಅವಸ್ಥೆಯಿಂದ ಹುಟ್ಟಿದ ಒಂದನ್ನೂ ನಾನು ಕಂಡಿಲ್ಲ. ಸಾಲಗಾರರ ಸಂಖ್ಯೆಗೇನೂ ಕೊರತೆಯಿರಲಿಲ್ಲ. ಸಾಲದ ಸುಖದುಃಖಗಳನ್ನು ಬಲ್ಲ ಸರ್ವಜ್ಞನನ್ನು ಹಿರೇಕೆರೂರ ಸೀಮೆಯ ಅಬಲೂರಿನವನೆಂದು ಹೇಳುತ್ತಾರಷ್ಟೆ. ಆದರೆ ಸಾಲಗಾರರ ಹೆಸರುಗಳನ್ನು ಹುಡುಕಬೇಕಾದ ಸ್ಥಳವೇ ಬೇರೆ, ಅದು ಸಾವಕಾರನ ವಹಿ.

ಸವಣೂರಿನ ಹಳೆಯ ಮನೆಯೊಂದರಲ್ಲಿ ಅಂಥ ಒಂದು ವಹಿಯನ್ನು ನೋಡುವ ಸಂದರ್ಭ ನನಗೆ ಒದಗಿತ್ತು. ಕೆಂಪು ಬಟ್ಟೆಯ ಹೊದಿಕೆ, ಉದ್ದನೆಯ ಹಾಳೆಗಳು, ಮೋಡಿ ಲಿಪಿ. ಮೋಡಿ ಬಲ್ಲ ಹಿರಿಯರೊಬ್ಬರು ಓದಿ ಹೇಳಿದರು. ಒಂದೇ ಹಾಳೆಯಲ್ಲಿ ಮೂವರು ಬಸಪ್ಪಂದಿರು. ಒಬ್ಬನ ಮುಂದೆ ಎಲೆಯ ತೋಟದ ಗುರುತು, ಒಬ್ಬನಿಗೆ ಬಿಟ್ಟುಬಂದ ಊರಿನದು, ಮೂರನೆಯವನಿಗೆ ‘ಕೆರೆಯ ಮೇಲಿನ’ ಎಂದು. ಒಬ್ಬನ ಸಾಲ ಮತ್ತೊಬ್ಬನ ತಲೆಗೆ ಬರಬಾರದೆಂದು ಗುಮಾಸ್ತ ಬರೆದುಕೊಂಡ ಆ ಗುರುತೇ ಮುಂದೆ ಶಾಲೆಯ ದಾಖಲೆಗೆ, ಪಹಣಿಗೆ, ಇಂದಿನ ಗುರುತಿನ ಚೀಟಿಗೆ ಇಳಿದು ಬರುವ ಬಗೆ ನನಗೆ ಅಂದು ಕಣ್ಣಿಗೆ ಕಟ್ಟಿದಂತಾಯಿತು. ಎಲಿಗಾರ ಮನೆತನದ ಇತಿಹಾಸವನ್ನು ಯಾವ ಡ್ಯಾನಿಯಲ್ ಗರ್ನಿಯೂ ಅಚ್ಚು ಹಾಕಿಸಲಾರ. ಅದಿರುವುದು ಈ ಹಾಳೆಯಲ್ಲಿ, ಅದೂ ಬಾಕಿಯ ರೂಪದಲ್ಲಿ.

ಆ ಮನೆಯಲ್ಲಿ ಇನ್ನೂ ಎರಡು ಗಂಟು ವಹಿಗಳಿದ್ದುವಂತೆ. ಮನೆ ಕೆಡವುವಾಗ ರದ್ದಿಯವನಿಗೆ ತೂಕಕ್ಕೆ ಕೊಟ್ಟರು. ಬರೆದದ್ದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ಇತ್ತ ನಮ್ಮ ಹುಡುಗರೂ ಅರ್ಜಿಯ ಚೌಕಗಳಲ್ಲಿ ಅಡ್ಡಹೆಸರನ್ನು ಒಂದು ಅಕ್ಷರಕ್ಕೆ ಇಳಿಸುತ್ತಿದ್ದಾರೆ. ಚಿನಿವಾರ ‘ಚಿ’ ಆದ ಮೇಲೆ ಅದು ಚಿಕ್ಕಮಠವೋ ಚಿನಿವಾರವೋ ಹೇಳುವವರಾರು? ಈ ನಾಲ್ಕು ತಾಲೂಕುಗಳ ಓದುಗರ ಅಟ್ಟದ ಮೇಲೆ ಕಿರ್ದಿಯೋ ಖತಾವಣಿಯೋ ಇದ್ದರೆ, ಒಂದು ಹಾಳೆಯ ಚಿತ್ರವನ್ನಾದರೂ ತೆಗೆದು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ಮುಟ್ಟಿಸಬೇಕೆಂದು ವಿನಂತಿ. ಮೋಡಿ ಓದಬಲ್ಲ ಆ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ವಾರಕ್ಕೆ ಎರಡು ದಿನ ಕಲಿಸಲು ಅವರು ಒಪ್ಪಿದ್ದಾರೆ.